ಅಲಾಸ್ಕಾ ಹಡಗು ಹತ್ತುವ ಮುನ್ನ

ಸಿಯಾಟಲ್, ಸ್ಯಾನ್ ಹೋಸೆ ಕಡೆ ಮಕ್ಕಳಿರುವ ಅಪ್ಪ-ಅಮ್ಮಂದಿರ ಬೇಸಿಗೆ ಪ್ರವಾಸದ ಪಟ್ಟಿಗೆ ಈಗ ನಯಾಗರದ ಜೊತೆ ಅಲಾಸ್ಕಾ ಹಡಗು ಯಾನವೂ ಸೇರಿಕೊಂಡಿದೆ. ಸೇರಬೇಕಾದದ್ದೇ. ಮಂಡಿನೋವಿನವರು, ದಿನಕ್ಕೊಂದು ಹೋಟೆಲಿನಲ್ಲಿ ಪೆಟ್ಟಿಗೆ ಬಿಚ್ಚಿ ಕಟ್ಟಲು ಆಗದವರು, ಕಾರಿನಲ್ಲಿ ನಾಲ್ಕೈದು ಗಂಟೆ ಒಂದೇ ಸಮ ಕೂರಲಾರದವರು ಹಿಮನದಿಯೊಂದರ ಎದುರು ಹೋಗಿ ನಿಲ್ಲಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಒಮ್ಮೆ ಕ್ಯಾಬಿನ್ ಸೇರಿ ಬಟ್ಟೆಬರೆ ಕಪಾಟಿಗಿಟ್ಟರೆ ಮತ್ತೆ ಏಳು ರಾತ್ರಿ ಅದೇ ಮನೆ. ಊರುಗಳೇ ಕಿಟಕಿಯ ಬಳಿಗೆ ಬರುತ್ತವೆ.

ಹೋಗಿಬಂದವರು ಹೆಚ್ಚಾಗಿ ಹೇಳುವುದು ಊಟ, ಈಜುಕೊಳ, ನಾಟಕಶಾಲೆಯ ಸುದ್ದಿ. ಆ ವಿಷಯಕ್ಕೆ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಡಗಿನೊಳಗೆ ಇರುವಷ್ಟು ಹೊತ್ತು ಅಲ್ಲಿನ ಜನ ನಿಮ್ಮನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ನಿಮ್ಮ ಯೋಚನೆ, ತಯಾರಿ ಎಲ್ಲ ಬೇಕಾಗುವುದು ಹತ್ತುವುದಕ್ಕೆ ಮುಂಚಿನ ಕಾಗದಪತ್ರಕ್ಕೆ ಮತ್ತು ದಡದಲ್ಲಿ ಸಿಗುವ ಆ ಕೆಲವು ಗಂಟೆಗಳಿಗೆ. ಇವೆರಡನ್ನು ಸರಿಯಾಗಿ ನೋಡಿಕೊಂಡರೆ ಉಳಿದದ್ದು ತಾನಾಗಿ ನಡೆಯುತ್ತದೆ.

ಕೆನಡಾ ವೀಸಾ ಎಂಬ ಮೊದಲ ಬಾಗಿಲು

ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಹಡಗು, ಅಲಾಸ್ಕಾ ಕೂಡ ಅಮೆರಿಕದ್ದೇ ರಾಜ್ಯ. ಹಾಗಿದ್ದ ಮೇಲೆ ಅಮೆರಿಕದ ವೀಸಾ ಸಾಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಸಾಲದು. 1886ರ ಒಂದು ಅಮೆರಿಕನ್ ಕಾನೂನಿನ ಪ್ರಕಾರ ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಬರೀ ಅಮೆರಿಕದ ಬಂದರುಗಳ ನಡುವೆ ಪ್ರಯಾಣಿಕರನ್ನು ಸಾಗಿಸುವಂತಿಲ್ಲ, ನಡುವೆ ಎಲ್ಲಾದರೂ ಪರದೇಶದ ಬಂದರು ಮುಟ್ಟಲೇಬೇಕು. ಪ್ರವಾಸಿ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ, ಬರ್ಮುಡಾದಂಥ ಕಡೆ ನೋಂದಣಿಯಾದವು. ಅದಕ್ಕೇ ಸಿಯಾಟಲ್ ಹಡಗುಗಳು ಹೆಚ್ಚಾಗಿ ಮರಳುವ ದಾರಿಯಲ್ಲಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತವೆ. ಆ ಒಂದು ಸಂಜೆಗಾಗಿ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ವೀಸಾ ಬೇಕು. "ನಾವು ವಿಕ್ಟೋರಿಯಾದಲ್ಲಿ ಇಳಿಯುವುದೇ ಇಲ್ಲ" ಎಂದರೆ ನಡೆಯುವುದಿಲ್ಲ. ಸಿಯಾಟಲ್ ಬಂದರಿನ ಚೆಕ್-ಇನ್ ಮೇಜಿನಲ್ಲೇ ವೀಸಾ ನೋಡುತ್ತಾರೆ. ಇಲ್ಲದಿದ್ದರೆ ಹತ್ತಲು ಬಿಡುವುದಿಲ್ಲ, ಕಟ್ಟಿದ ಹಣವೂ ವಾಪಸು ಬರುವುದಿಲ್ಲ. ವ್ಯಾಂಕೋವರ್‌ನಿಂದ ಹೊರಡುವ ಹಡಗಾದರೆ ಎರಡೂ ದೇಶಗಳಿಗೆ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶ ಕೊಡುವ ವೀಸಾ ಇರಲಿ.

ಮಕ್ಕಳೂ ಇದನ್ನು ಓದಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಕೆನಡಾ ವೀಸಾ ಬೇಡ, ಆದರೆ ಕಾರ್ಡಿನ ಜೊತೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಬೇಕು. ಎಚ್-1ಬಿ ಕೆಲಸದ ವೀಸಾದಲ್ಲಿರುವ ಮಗ, ಸೊಸೆಗೆ ಕೆನಡಾ ವೀಸಾ ಬೇಕೇ ಬೇಕು. ಪಾಸ್‌ಪೋರ್ಟಿನಲ್ಲಿರುವ ಅವರ ಅಮೆರಿಕ ವೀಸಾದ ಅವಧಿ ಮುಗಿದಿದ್ದರೆ, ಟಿಕೆಟ್ ತೆಗೆಯುವ ಮೊದಲೇ ಕಂಪನಿಯ ವಲಸೆ ವಕೀಲರ ಹತ್ತಿರ ಮಾತನಾಡಲಿ. ಅಪ್ಪ-ಅಮ್ಮ ಕೆನಡಾ ವೀಸಾಕ್ಕೆ ಬೆಂಗಳೂರಿನಲ್ಲಿರುವಾಗಲೇ, ಹೊರಡಲು ತಿಂಗಳುಗಳಿರುವಾಗಲೇ ಅರ್ಜಿ ಹಾಕುವುದು ಕ್ಷೇಮ. ಬೆರಳಚ್ಚು ಕೊಡಬೇಕು, ಪಾಸ್‌ಪೋರ್ಟ್ ಕಳಿಸಬೇಕು. ಅದೆಲ್ಲ ಕೊನೆಯ ಎರಡು ವಾರದಲ್ಲಿ ಆಗುವ ಕೆಲಸವಲ್ಲ.

ಇದೇ ಸಾಲಿಗೆ ವಿಮೆಯನ್ನೂ ಸೇರಿಸಿ. ಹಡಗಿನಲ್ಲಿ ವೈದ್ಯರಿರುತ್ತಾರೆ, ಅವರ ಶುಲ್ಕ ನಿಮ್ಮ ಖಾತೆಗೇ ಬರುತ್ತದೆ. ಎದೆನೋವಿನಂಥದ್ದೇನಾದರೂ ಬಂದು ಹೆಲಿಕಾಪ್ಟರಿನಲ್ಲಿ ದಡಕ್ಕೆ ಸಾಗಿಸಬೇಕಾದರೆ ಆ ಖರ್ಚು ಸಾಮಾನ್ಯ ಮನೆತನದವರು ತಡೆಯುವಂಥದ್ದಲ್ಲ. ಊರಿನಿಂದ ತಂದ ವಿಮೆ ಹಡಗು ಯಾನಕ್ಕೂ ಈ ತುರ್ತು ಸಾಗಣೆಗೂ ಅನ್ವಯಿಸುತ್ತದೆಯೇ ಎಂದು ಅದರ ಷರತ್ತುಗಳನ್ನು ಓದಿ ನೋಡಿಕೊಳ್ಳಿ.

ತಿಂಗಳು ಯಾವುದು ಎಂದು ಕೇಳುವವರಿಗೆ: ಹಡಗುಗಳು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಓಡುತ್ತವೆ. ಮೇ ಕೊನೆ ಮತ್ತು ಜೂನ್‌ನಲ್ಲಿ ಮಳೆ ಕಡಿಮೆ, ಹಗಲು ಉದ್ದ. ಜೂನೋ ಊರಿನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಹೊಳೆ ತುಂಬಾ ಸಾಲ್ಮನ್ ಮೀನು ಏರಿ ಬರುವುದನ್ನು ನೋಡಬೇಕೆಂದರೆ ಜುಲೈ, ಆಗಸ್ಟ್. ಸೆಪ್ಟೆಂಬರ್ ಅಗ್ಗ, ಆದರೆ ಮಳೆ ಬಿಡುವುದಿಲ್ಲ.

ಕ್ಯಾಬಿನ್, ಊಟ, ಹೊಟ್ಟೆ

ಕ್ಯಾಬಿನ್‌ಗಳಲ್ಲಿ ಕಿಟಕಿ ಇಲ್ಲದ್ದು, ಕಿಟಕಿ ಇರುವುದು, ಬಾಲ್ಕನಿ ಇರುವುದು ಎಂದು ತರಗತಿಗಳಿವೆ. ವಯಸ್ಸಾದವರ ಜೊತೆ ಹೋಗುತ್ತಿದ್ದರೆ ಬಾಲ್ಕನಿಗೆ ಹಣ ಹಾಕಿ, ಅದು ದಂಡವಲ್ಲ. ಮೇಲಿನ ಡೆಕ್ಕಿನ ಗಾಳಿಗೆ ಒಂದು ಗಂಟೆ ನಿಲ್ಲಲಾಗದ ಅಜ್ಜಿ ಬಾಲ್ಕನಿಯಲ್ಲಿ ಶಾಲು ಹೊದ್ದು ಕೂತು ಅದೇ ಬೆಟ್ಟಗಳನ್ನು ನೋಡಬಹುದು. ಮೂವತ್ತು ನಲವತ್ತರ ವಯಸ್ಸಿನವರು ಒಳಗಿನ ಕೋಣೆ ತೆಗೆದುಕೊಂಡು, ಉಳಿದ ಹಣವನ್ನು ದಡದ ಸುತ್ತಾಟಕ್ಕೆ ಇಟ್ಟುಕೊಳ್ಳುವುದು ಮೇಲು. ಸಮುದ್ರದ ಓಲಾಟಕ್ಕೆ ಹೆದರುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕೋಣೆ ಕೇಳಿ. ಮುಂದಿನ ತುದಿ, ಹಿಂದಿನ ತುದಿ, ಮೇಲಿನ ಅಂತಸ್ತುಗಳಲ್ಲಿ ಅಲ್ಲಾಟ ಜಾಸ್ತಿ.

ಬಚ್ಚಲು ಪುಟ್ಟದು, ಹೊಸ್ತಿಲು ಕೆಲವು ಕಡೆ ಎತ್ತರ. ರಾತ್ರಿ ಎದ್ದು ಹೋಗುವ ಹಿರಿಯರಿಗೆ ಮೊದಲ ದಿನವೇ ತೋರಿಸಿಬಿಡಿ. ನೀರಿನ ಪೈಪು, ಚೊಂಬು ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಮಗ್ಗು ಪೆಟ್ಟಿಗೆಗೆ ಹಾಕಿಕೊಂಡರೆ ಏಳು ದಿನದ ಮುಜುಗರ ತಪ್ಪುತ್ತದೆ. ಗೋಡೆಗಳು ಉಕ್ಕಿನವು, ಅಯಸ್ಕಾಂತದ ಕೊಕ್ಕೆ ನಾಲ್ಕು ತಂದರೆ ಒದ್ದೆ ಜಾಕೆಟ್, ಟೋಪಿಗಳನ್ನು ನೇತುಹಾಕಬಹುದು. ವಿದ್ಯುತ್ ಕೆಟಲ್, ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ತರುವಂತಿಲ್ಲ. ಹಡಗಿನವರು ಬೆಂಕಿಗೆ ಹೆದರುವಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ, ತಪಾಸಣೆಯಲ್ಲಿ ಸಿಕ್ಕರೆ ತೆಗೆದಿಟ್ಟುಕೊಳ್ಳುತ್ತಾರೆ.

ಹತ್ತಿದ ದಿನ, ಹಡಗು ಹೊರಡುವ ಮೊದಲೇ ಸುರಕ್ಷತಾ ಕವಾಯತು ಮುಗಿಸಬೇಕು. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಸೈರನ್ ಕೂಗಿದರೆ ಅದು ತುರ್ತು ಕರೆ. ಈಗ ಹೆಚ್ಚಿನ ಹಡಗುಗಳಲ್ಲಿ ಫೋನಿನಲ್ಲೋ ಟಿವಿಯಲ್ಲೋ ವಿಡಿಯೊ ನೋಡಿ, ಆಮೇಲೆ ನಿಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಮುಖ ತೋರಿಸಿ ಬಂದರಾಯಿತು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು ಮಗುಚಿದಾಗ 32 ಮಂದಿ ಸತ್ತರು. ಅವತ್ತೇ ಹತ್ತಿದ್ದ ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಹೊರಡುವ ಮುಂಚೆಯೇ ಆಗಬೇಕು ಎಂಬ ನಿಯಮ ಬಂದದ್ದು ಆ ಬಳಿಕ. ಅಪ್ಪ-ಅಮ್ಮನನ್ನು ಜೊತೆಯಲ್ಲೇ ಕರೆದುಕೊಂಡು ಹೋಗಿ, ಲಿಫ್ಟ್ ಬಿಟ್ಟು ಮೆಟ್ಟಿಲಿನ ದಾರಿ ಯಾವುದು ಎಂದು ಒಮ್ಮೆ ತೋರಿಸಿ.

ಊಟದ ಚಿಂತೆ ನಮ್ಮವರಿಗೆ ಎಲ್ಲಕ್ಕಿಂತ ದೊಡ್ಡದು, ಅದಕ್ಕೆ ಸಮಾಧಾನವೂ ಇದೆ. ಮೇಲಿನ ಡೆಕ್ಕಿನಲ್ಲಿ ಬಫೆ ಇರುತ್ತದೆ, ಕೆಳಗೆ ದೊಡ್ಡ ಊಟದ ಶಾಲೆ. ಸಸ್ಯಾಹಾರಿಗಳು ಬಫೆಯನ್ನೇ ನೆಚ್ಚಿಕೊಂಡು ಬ್ರೆಡ್ಡು, ಸೊಪ್ಪು ತಿಂದು ದಿನ ಕಳೆಯುತ್ತಾರೆ. ಹಾಗೆ ಮಾಡಬೇಡಿ. ಮೊದಲ ರಾತ್ರಿಯೇ ಊಟದ ಶಾಲೆಗೆ ಹೋಗಿ ಹಿರಿಯ ಬಡಿಸುವವರನ್ನು ಕಂಡು, ಮೊಟ್ಟೆಯೂ ಬೇಡ, ಮೀನೂ ಬೇಡ, ಮಾಂಸದ ಸಾರಿನಲ್ಲಿ ಬೇಯಿಸಿದ ಸೂಪೂ ಬೇಡ ಎಂದು ಬಿಡಿಸಿ ಹೇಳಿ. "ವೆಜಿಟೇರಿಯನ್" ಎಂದಷ್ಟೇ ಹೇಳಿದರೆ ಸಾಲದು, ತರಕಾರಿ ಸೂಪಿಗೆ ಕೋಳಿಯ ರಸ ಹಾಕುವುದು ಅಲ್ಲಿ ಮಾಮೂಲು. ಹಿಂದಿನ ರಾತ್ರಿ ಹೇಳಿಟ್ಟರೆ ಮರುದಿನಕ್ಕೆ ದಾಲ್, ಪಲ್ಯ, ಅನ್ನ ಬೇರೆಯೇ ಮಾಡಿಕೊಡುತ್ತಾರೆ. ಜೈನರ ಊಟವಾದರೆ ಟಿಕೆಟ್ ತೆಗೆಯುವಾಗಲೇ ಬರೆಸಿ.

ಅಡುಗೆಮನೆಯಲ್ಲಿ, ಊಟದ ಶಾಲೆಯಲ್ಲಿ ಗೋವಾ, ಕೇರಳ, ನಮ್ಮ ಕರಾವಳಿಯ ಹುಡುಗರು ಬೇಕಾದಷ್ಟು ಮಂದಿ ಇರುತ್ತಾರೆ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ದೇಶವನ್ನೂ ಬರೆದಿರುತ್ತದೆ. ಯಾವ ಊರು ಎಂದು ಕೇಳಿ ನೋಡಿ. ಅತ್ತ ಕಡೆಯಿಂದ "ಉಡುಪಿ ಹತ್ತಿರ ಅಮ್ಮಾ, ನೀವು?" ಎಂದು ಬಂದರೆ ಆ ಮೇಜಿನ ಊಟದ ರುಚಿಯೇ ಬೇರೆ. "ನಾಳೆ ನಿಮ್ಗೆ ಗಟ್ಟಿ ಮೊಸರು, ಹಸಿಮೆಣಸು ತಂದಿಡ್ತೇನೆ, ನೀವು ಇದೇ ಮೇಜಿಗೆ ಬನ್ನಿ" ಎನ್ನುತ್ತಾನೆ, ತಂದೂ ಇಡುತ್ತಾನೆ. ಆರರಿಂದ ಒಂಬತ್ತು ತಿಂಗಳು ಮನೆ ಬಿಟ್ಟು, ವಾರದ ಏಳು ದಿನವೂ ದುಡಿಯುವ ಮಕ್ಕಳು ಅವರು. ಅವರ ಹತ್ತಿರ ನಾಲ್ಕು ಮಾತು ಕನ್ನಡದಲ್ಲೋ ತುಳುವಿನಲ್ಲೋ ಆಡಿ, ಕೊನೆಯ ದಿನ ಹಡಗಿನವರು ಕೊಡುವ ಅಭಿಪ್ರಾಯದ ಹಾಳೆಯಲ್ಲಿ ಅವರ ಹೆಸರು ಬರೆದು ಬನ್ನಿ. ಅವರ ಮುಂದಿನ ಬಡ್ತಿಗೆ ಅದು ನೆರವಾಗುತ್ತದೆ.

ಮನೆಯಲ್ಲಿ ಮಾಡಿದ ಅಡುಗೆ ಒಯ್ಯುವಂತಿಲ್ಲ. ಅಂಗಡಿಯ ಸೀಲ್ ಒಡೆಯದ ಚಟ್ನಿಪುಡಿ, ಕೋಡುಬಳೆ, ಖಾರದ ಪೊಟ್ಟಣಕ್ಕೆ ತೊಂದರೆಯಿಲ್ಲ. ಬಫೆಯ ಹಣ್ಣನ್ನು ಮಾತ್ರ ಕೈಚೀಲಕ್ಕೆ ಹಾಕಿಕೊಂಡು ದಡಕ್ಕೆ ಇಳಿಯಬೇಡಿ, ಕೃಷಿ ನಿಯಮದ ಪ್ರಕಾರ ಅದು ನಿಷಿದ್ಧ.

ಹಡಗಿನಲ್ಲಿ ವಾಂತಿ-ಭೇದಿ ಹಬ್ಬಿಸುವ ನೋರೊವೈರಸ್ ಕೈಗೆ ಹಚ್ಚುವ ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ. ಸೋಪು, ನೀರು ಹಾಕಿ ತಿಕ್ಕಿ ಕೈ ತೊಳೆಯುವುದೇ ಮದ್ದು. ಊಟಕ್ಕೆ ಮುಂಚೆ ಕೈ ತೊಳೆಯುವ ನಮ್ಮ ಅಭ್ಯಾಸವನ್ನು ಅಲ್ಲಿ ಇನ್ನಷ್ಟು ಗಟ್ಟಿ ಮಾಡಿ. ತಲೆಸುತ್ತಿನ ವಿಷಯಕ್ಕೆ ಬಂದರೆ, ಸಿಯಾಟಲ್ ಹಡಗುಗಳು ವ್ಯಾಂಕೋವರ್ ದ್ವೀಪದ ಹೊರಮಗ್ಗುಲಿನ ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ, ಮೊದಲ ಪೂರ್ತಿ ದಿನ ಅಲೆ ಇರಬಹುದು. ವ್ಯಾಂಕೋವರ್‌ನಿಂದ ಹೊರಟವು ದ್ವೀಪಗಳ ಮರೆಯಲ್ಲೇ ಹೆಚ್ಚು ದೂರ ಸಾಗುವುದರಿಂದ ಓಲಾಟ ಕಡಿಮೆ. ಶುಂಠಿ, ಹಗುರ ತಿಂಡಿ, ತಣ್ಣನೆಯ ಗಾಳಿ, ದೂರದ ದಿಗಂತದ ಮೇಲೆ ಕಣ್ಣು, ಇಷ್ಟಕ್ಕೇ ಬಹಳ ಜನರಿಗೆ ಸರಿಹೋಗುತ್ತದೆ. ಮಾತ್ರೆ ಬೇಕಾದರೆ ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರು ತಮ್ಮ ವೈದ್ಯರನ್ನು ಊರಿನಲ್ಲೇ ಕೇಳಿಕೊಂಡು ಬರಲಿ.

ಹಿಮನದಿಯ ದಿನ

ಏಳು ದಿನದಲ್ಲಿ ಒಂದು ದಿನ ಹಡಗು ಯಾವ ಊರಿಗೂ ಹೋಗುವುದಿಲ್ಲ, ಹಿಮನದಿಯ ಬುಡಕ್ಕೆ ಹೋಗುತ್ತದೆ. ಟಿಕೆಟ್ ತೆಗೆಯುವಾಗ ಆ ಹಿಮನದಿ ಯಾವುದು ಎಂದು ನೋಡಿಯೇ ಹಣ ಕಟ್ಟಿ. ನನ್ನನ್ನು ಕೇಳಿದರೆ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಅಲ್ಲಿ ಅನುಮತಿ, ಹಾಗಾಗಿ ಎಲ್ಲ ಕಂಪನಿಗಳಿಗೂ ಅದು ಸಿಗುವುದಿಲ್ಲ. ಉಳಿದವು ಎಂಡಿಕಾಟ್ ಆರ್ಮ್‌ನ ಡಾಸ್ ಹಿಮನದಿಗೋ, ಇನ್ನೂ ಉತ್ತರದ ಹಬರ್ಡ್ ಹಿಮನದಿಗೋ ಹೋಗುತ್ತವೆ. ಅವೂ ದೊಡ್ಡವೇ, ಹಬರ್ಡ್ ಅಂತೂ ಉತ್ತರ ಅಮೆರಿಕದಲ್ಲಿ ಕಡಲಿಗಿಳಿಯುವ ಹಿಮನದಿಗಳಲ್ಲೆಲ್ಲ ದೊಡ್ಡದು.

ಗ್ಲೇಸಿಯರ್ ಬೇಯ ದಿನ ಬೆಳಗ್ಗೆ ಉದ್ಯಾನದ ರೇಂಜರ್‌ಗಳು ದೋಣಿಯಲ್ಲಿ ಬಂದು, ಚಲಿಸುತ್ತಿರುವ ಹಡಗಿಗೇ ಏಣಿ ಹತ್ತಿ ಮೇಲೆ ಬರುತ್ತಾರೆ. ದಿನವಿಡೀ ಧ್ವನಿವರ್ಧಕದಲ್ಲಿ ವಿವರಿಸುವವರು ಅವರೇ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೋವರ್‌ನ ತಂಡ ಇಲ್ಲಿಗೆ ಬಂದಾಗ ಈ ಕೊಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ, ಬಾಯಿಯ ಹತ್ತಿರದವರೆಗೆ ಹಿಮದ ಗೋಡೆ ತುಂಬಿತ್ತು. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ಬರುವಷ್ಟರಲ್ಲಿ ಆ ಹಿಮ ಹತ್ತಾರು ಕಿಲೋಮೀಟರ್ ಹಿಂದೆ ಸರಿದಿತ್ತು. ಈಗ ಹಡಗು ಬಾಯಿಯಿಂದ ಸುಮಾರು 100 ಕಿ.ಮೀ. ಒಳಗೆ ಹೋಗಿ ಮಾರ್ಜರಿ ಹಿಮನದಿಯ ಮುಂದೆ ನಿಲ್ಲುತ್ತದೆ. ಹೂನಾ ಟ್ಲಿಂಗಿಟ್ ಎಂಬ ಮೂಲನಿವಾಸಿ ಜನರ ಪೂರ್ವಿಕರ ನೆಲ ಇದು, ಹಿಮ ಮುಂದೊತ್ತಿ ಬಂದಾಗ ಅವರು ಊರು ಬಿಡಬೇಕಾಯಿತು. ರೇಂಜರ್‌ಗಳ ಮಾತು ಕೇಳಿದರೆ ಕಣ್ಣಿಗೆ ಕಾಣುವುದರ ಅರ್ಥ ಬಿಚ್ಚಿಕೊಳ್ಳುತ್ತದೆ. ಆ ದಿನ ಕ್ಯಾಸಿನೋ, ಸ್ಪಾ ಕಡೆ ತಲೆ ಹಾಕಬೇಡಿ.

ಮಾರ್ಜರಿ ಸುಮಾರು 34 ಕಿ.ಮೀ. ಉದ್ದ, ನೀರಿನ ಅಂಚಿನಲ್ಲಿ ಅದರ ಮುಖ ಒಂದೂವರೆ ಕಿಲೋಮೀಟರ್ ಅಗಲ. ಹಡಗಿನ ಯಂತ್ರದ ಸದ್ದು ತಗ್ಗುತ್ತದೆ. ಬಿಳಿ ಎಂದುಕೊಂಡಿದ್ದ ಹಿಮ ಬಿರುಕುಗಳ ಒಳಗೆ ಗಾಢ ನೀಲಿಯಾಗಿರುತ್ತದೆ. ಒತ್ತಿ ಒತ್ತಿ ಗಾಳಿಗುಳ್ಳೆಯೆಲ್ಲ ಹೋದ ಹಿಮ ಕೆಂಪು ಬೆಳಕನ್ನು ಹೀರಿ ನೀಲಿಯನ್ನಷ್ಟೇ ಹೊರಗೆ ಬಿಡುವುದರಿಂದ ಈ ಬಣ್ಣ. ಸಾವಿರಾರು ಜನ ಕಟಕಟೆ ಹಿಡಿದು ನಿಂತಿದ್ದರೂ ಮಾತಿರುವುದಿಲ್ಲ. ಮನೆಯಷ್ಟು ದೊಡ್ಡ ತುಂಡೊಂದು ಕಳಚಿ ಜಾರುವುದು ಮೊದಲು ಕಾಣುತ್ತದೆ, ಒಂದೆರಡು ಕ್ಷಣ ಬಿಟ್ಟು ಗುಡುಗು ಬಂದು ಎದೆಗೆ ತಾಗುತ್ತದೆ, ಆಮೇಲೆ ಅಲೆ ಎದ್ದು ಹಕ್ಕಿಗಳ ಹಿಂಡು ಅದರ ಮೇಲೆ ಮುಗಿಬೀಳುತ್ತದೆ. ಸದ್ದು ಕೇಳಿದ ಮೇಲೆ ತಿರುಗಿದವರಿಗೆ ನೀರಿನ ಕಲಕು ಮಾತ್ರ ಸಿಗುತ್ತದೆ. ಆದ್ದರಿಂದ ಫೋನು ಕೆಳಗಿಟ್ಟು ಹಿಮದ ಮೇಲೇ ಕಣ್ಣಿಟ್ಟಿರಿ. ಹಡಗು ಅಲ್ಲೇ ನಿಧಾನ ತಿರುಗುವುದರಿಂದ ಎಡ-ಬಲ ಎರಡೂ ಬದಿಯವರಿಗೆ ನೋಟ ಸಿಗುತ್ತದೆ, ನುಗ್ಗುವ ಅಗತ್ಯವಿಲ್ಲ. ಜುಲೈನಲ್ಲೂ ಅಲ್ಲಿಯ ಗಾಳಿ ಕೊರೆಯುತ್ತದೆ. ಮಂಕಿ ಟೋಪಿ, ಕೈಗವಸು, ಉಣ್ಣೆಯ ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್ ಇರಲಿ. ದಪ್ಪನೆಯ ಒಂದೇ ಕೋಟಿಗಿಂತ ಮೂರು ಪದರ ಮೇಲು.

ದಡದ ಗಂಟೆಗಳು

ಊರುಗಳಲ್ಲಿ ಹಡಗು ನಿಲ್ಲುವುದು ಆರರಿಂದ ಹತ್ತು, ಹನ್ನೆರಡು ಗಂಟೆ. ಇಳಿದು ಹತ್ತುವ ಸಾಲು ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಎಲ್ಲ ಊರಿನಲ್ಲೂ ದುಬಾರಿ ಸುತ್ತಾಟ ಬೇಕಿಲ್ಲ. ಜೂನೋದಲ್ಲೂ ಸ್ಕ್ಯಾಗ್ವೇಯಲ್ಲೂ ಹಣ ಖರ್ಚು ಮಾಡಿ, ಕೆಚಿಕಾನ್‌ನಲ್ಲಿ ನಡೆದು ನೋಡಿ, ವಿಕ್ಟೋರಿಯಾದಲ್ಲಿ ಮನಸ್ಸಿದ್ದರೆ ಮಾತ್ರ ಇಳಿಯಿರಿ. ಇದು ನನ್ನ ಲೆಕ್ಕ.

ಜೂನೋ ಅಲಾಸ್ಕಾದ ರಾಜಧಾನಿ, ಆದರೂ ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ, ಹಡಗು ಇಲ್ಲವೇ ವಿಮಾನ. ಹವಾಯಿಯಲ್ಲಿ ಚಳಿಗಾಲ ಕಳೆದ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಿಗೆಯ ಮೇವಿಗೆ ಈ ನೀರಿಗೆ ಬರುತ್ತವೆ. ದೊಡ್ಡ ಹಡಗಿನಿಂದಲೂ ದೂರದಲ್ಲಿ ಉಸಿರಿನ ಕಾರಂಜಿ ಕಾಣಬಹುದು, ಆದರೆ ಸಣ್ಣ ದೋಣಿಯಲ್ಲಿ ಕೂತು, ಕಪ್ಪು ಬೆನ್ನು ಮಣಿದು ಬಾಲ ನೀರಿನಿಂದ ಮೇಲೆದ್ದು ಒಂದು ಕ್ಷಣ ನಿಂತು ಮುಳುಗುವುದನ್ನು ನೋಡುವುದೇ ಬೇರೆ. ಈ ದೋಣಿಗಳಲ್ಲಿ ಒಳಗೆ ಬೆಚ್ಚನೆಯ ಆಸನಗಳಿರುತ್ತವೆ, ಹಿರಿಯರಿಗೂ ಕಷ್ಟವಿಲ್ಲ. ಪೇಟೆಯಿಂದ 20 ಕಿ.ಮೀ. ದೂರದ ಮೆಂಡನ್‌ಹಾಲ್ ಹಿಮನದಿಗೆ ಬಸ್ಸುಗಳಿವೆ. ಅಲ್ಲಿನ ನಗೆಟ್ ಜಲಪಾತದ ಕಾಲುದಾರಿ ಹೋಗಿ ಬರಲು ಸುಮಾರು ಮೂರು ಕಿ.ಮೀ., ಬಹುಪಾಲು ಸಮತಟ್ಟು. ಹಿಮನದಿ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದೆ, ಹೋಗುವವರು ತಡಮಾಡದೆ ಹೋಗಬೇಕು.

ಸ್ಕ್ಯಾಗ್ವೇ ಚಿನ್ನದ ಹುಚ್ಚಿನಿಂದ ಹುಟ್ಟಿದ ಪುಟ್ಟ ಊರು. 1896ರಲ್ಲಿ ಕೆನಡಾದ ಕ್ಲೊಂಡೈಕ್ ಪ್ರದೇಶದಲ್ಲಿ ಚಿನ್ನ ಸಿಕ್ಕ ಸುದ್ದಿಗೆ ಜನ ಇಲ್ಲಿಂದ ಬೆಟ್ಟ ಹತ್ತಿದರು. ಒಂದು ವರ್ಷಕ್ಕಾಗುವ ದವಸ-ಸಾಮಾನು, ಅಂದರೆ ಹತ್ತಿರ ಹತ್ತಿರ ಒಂದು ಟನ್ ಹೊರೆ ಜೊತೆಗಿಲ್ಲದವರನ್ನು ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಹೊರೆ ಹೊತ್ತು ಸತ್ತ ಕುದುರೆಗಳ ಲೆಕ್ಕ ಸುಮಾರು 3,000, ಆ ಕಣಿವೆಯ ಹೆಸರೇ ಸತ್ತ ಕುದುರೆಗಳ ಕಮರಿ. 1898ರಿಂದ 1900ರವರೆಗೆ ಅದೇ ಬೆಟ್ಟಕ್ಕೆ ಮೂರಡಿ ಅಗಲದ ಹಳಿ ಹಾಕಿ ವೈಟ್ ಪಾಸ್ ರೈಲು ಓಡಿಸಿದರು. ಸುಮಾರು 32 ಕಿ.ಮೀ. ದೂರದಲ್ಲಿ 870 ಮೀಟರ್ ಎತ್ತರ ಏರುವ ಈ ರೈಲಿನ ಕಿಟಕಿಯಿಂದ ಕೆಳಗೆ ನೋಡಿದರೆ ಅಂದಿನವರು ನಡೆದ ಕಾಲುದಾರಿಯ ಗೆರೆ ಬಂಡೆಗಳ ನಡುವೆ ಈಗಲೂ ಕಾಣುತ್ತದೆ. ನಡೆಯಲಾಗದವರಿಗೆ ಇಡೀ ಯಾನದಲ್ಲೇ ಇದಕ್ಕಿಂತ ಒಳ್ಳೆಯ ಸುತ್ತಾಟ ಇಲ್ಲ. ಒಂದು ಎಚ್ಚರಿಕೆ: ಶಿಖರದವರೆಗೆ ಹೋಗಿ ಇಳಿಯದೆ ಮರಳುವ ರೈಲು ಒಂದು, ಕೆನಡಾದೊಳಗೆ ಫ್ರೇಸರ್‌ವರೆಗೆ ಹೋಗುವುದು ಇನ್ನೊಂದು. ಎರಡನೆಯದಕ್ಕೆ ಪಾಸ್‌ಪೋರ್ಟ್, ವೀಸಾ ಕೈಯಲ್ಲಿರಬೇಕು.

ಕೆಚಿಕಾನ್‌ನಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ. ಮಲೆನಾಡಿನ ಆಷಾಢದ ಜಡಿಮಳೆ ಕಂಡವರಿಗೆ ಇದು ಹೊಸದಲ್ಲ, ಕೊಡೆ ಬಿಚ್ಚಿ ನಡೆಯಿರಿ. ಕಂಬಗಳ ಮೇಲೆ ಕಟ್ಟಿದ ಕ್ರೀಕ್ ಸ್ಟ್ರೀಟ್, ಕೆಳಗೆ ಹರಿವ ಹೊಳೆ, ಮೂಲನಿವಾಸಿಗಳು ಕೆತ್ತಿದ ಟೋಟೆಮ್ ಕಂಬಗಳ ಸಂಗ್ರಹಾಲಯ, ಎಲ್ಲ ಬಂದರಿನಿಂದ ನಡೆಯುವಷ್ಟು ದೂರ. ವಿಕ್ಟೋರಿಯಾದ ಬುಚಾರ್ಟ್ ಉದ್ಯಾನ ಸುಣ್ಣಕಲ್ಲಿನ ಗಣಿಗುಂಡಿಯಲ್ಲಿ ಬೆಳೆಸಿದ್ದು, ಚೆಂದವಿದೆ. ಹಡಗು ಕತ್ತಲಾಗುವ ಹೊತ್ತಿಗೆ ತಲುಪುವ ದಿನ ಅದಕ್ಕೆ ಹಣ ಕೊಡಬೇಡಿ.

ಇನ್ನು ಗಡಿಯಾರ. ಅಲಾಸ್ಕಾದ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನು ಒಂದು ಊರಿನಲ್ಲಿ ಒಂದು ಸಮಯ ತೋರಿಸಬಹುದು, ಹಡಗು ಇನ್ನೊಂದರಲ್ಲಿ ನಡೆಯಬಹುದು. ಮನೆಮಂದಿಯಲ್ಲಿ ಒಬ್ಬರಾದರೂ ಮುಳ್ಳಿನ ಕೈಗಡಿಯಾರ ಕಟ್ಟಿ ಹಡಗಿನ ಸಮಯಕ್ಕೆ ಹೊಂದಿಸಿಡಿ. "ಎಲ್ಲರೂ ಹಡಗಿನಲ್ಲಿ" ಎಂದು ಹಡಗಿನವರು ದಿನವೂ ಕೊಡುವ ದಿನಪತ್ರಿಕೆಯಲ್ಲಿ ಬರೆದ ಹೊತ್ತು ಸಾಮಾನ್ಯವಾಗಿ ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆ. ಹಡಗಿನವರೇ ಏರ್ಪಡಿಸಿದ ಸುತ್ತಾಟ ತಡವಾದರೆ ಹಡಗು ಕಾಯುತ್ತದೆ. ನೀವೇ ಹೊರಗೆ ಗೊತ್ತುಮಾಡಿಕೊಂಡಿದ್ದು ತಡವಾದರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಬೇಕು. ಹೊರಗಿನವರ ದರ ಅಗ್ಗ, ಗುಂಪು ಚಿಕ್ಕದು, ನಿಜ. ಪೇಟೆಯ ಹತ್ತಿರದ್ದಕ್ಕೆ ಅವರು, ದೂರದ್ದಕ್ಕೆ ಹಡಗಿನವರು ಎಂದು ಇಟ್ಟುಕೊಳ್ಳಿ. ಇಳಿಯುವಾಗ ಪಾಸ್‌ಪೋರ್ಟಿನ ನಕಲು, ಒಂದು ದಿನದ ಔಷಧಿ, ಆ ಬಂದರಿನ ಹಡಗು ಏಜೆಂಟರ ಫೋನ್ ನಂಬರಿರುವ ದಿನಪತ್ರಿಕೆಯ ಹಾಳೆ ಕಿಸೆಯಲ್ಲಿರಲಿ.

ಫೋನು ಸಮುದ್ರದಲ್ಲಿರುವಷ್ಟು ಹೊತ್ತೂ ಏರ್‌ಪ್ಲೇನ್ ಮೋಡಿನಲ್ಲೇ ಇರಬೇಕು. ಹಡಗಿನ ಟವರಿಗೆ ಸಿಕ್ಕಿಕೊಂಡರೆ ಬಿಲ್ಲು ಕೈ ಸುಡುತ್ತದೆ. ಒಳಗೆ ನಗದು ನಡೆಯುವುದಿಲ್ಲ, ಕ್ಯಾಬಿನ್ ಕಾರ್ಡಿಗೇ ಎಲ್ಲ ಬರೆಯುತ್ತಾರೆ. ಸೇವೆಯವರ ಭಕ್ಷೀಸು ಸಾಮಾನ್ಯ ದರ್ಜೆಯ ಹಡಗುಗಳಲ್ಲಿ ಒಬ್ಬರಿಗೆ ದಿನಕ್ಕೆ 16ರಿಂದ 20 ಡಾಲರ್‌ನಂತೆ ತಾನಾಗಿ ಸೇರುತ್ತದೆ. ನಾಲ್ಕು ಜನರ ಕುಟುಂಬಕ್ಕೆ ವಾರಕ್ಕೆ ಐನೂರು ಡಾಲರ್ ಆಸುಪಾಸು, ಟಿಕೆಟ್ ದರದ ಜೊತೆಗೇ ಇದನ್ನೂ ಕೂಡಿಸಿಕೊಳ್ಳಿ.

ಕೊನೆಯ ರಾತ್ರಿ ಬಣ್ಣದ ಚೀಟಿ ಕಟ್ಟಿದ ಪೆಟ್ಟಿಗೆಗಳನ್ನು ಕ್ಯಾಬಿನ್ ಹೊರಗಿಡಬೇಕು, ಅವು ಬೆಳಗ್ಗೆ ಬಂದರಿನಲ್ಲಿ ಸಿಗುತ್ತವೆ. ಮರುದಿನ ಉಡುವ ಬಟ್ಟೆ, ಚಪ್ಪಲಿ, ಮಾತ್ರೆ, ಕನ್ನಡಕ, ಪಾಸ್‌ಪೋರ್ಟ್ ಕೈಚೀಲಕ್ಕೆ ತೆಗೆದಿಟ್ಟುಕೊಂಡ ಮೇಲೆಯೇ ಬೀಗ ಹಾಕಿ. ಹತ್ತುವ ದಿನಕ್ಕೂ ಇದೇ ಮಾತು, ಬಂದರಿನಲ್ಲಿ ಒಪ್ಪಿಸಿದ ಪೆಟ್ಟಿಗೆ ಕ್ಯಾಬಿನ್ ಸೇರಲು ಸಂಜೆಯಾಗಬಹುದು, ಸಕ್ಕರೆ-ಬಿಪಿ ಮಾತ್ರೆ ಅದರಲ್ಲಿ ಹೋಗಬಾರದು. ವಿಕ್ಟೋರಿಯಾದಿಂದ ಬಂದದ್ದರಿಂದ ಸಿಯಾಟಲ್‌ನಲ್ಲಿ ವಲಸೆ ತಪಾಸಣೆಯ ಸಾಲಿರುತ್ತದೆ, ಮೂರು ನಾಲ್ಕು ಸಾವಿರ ಜನ ಒಟ್ಟಿಗೆ ಇಳಿಯುತ್ತಾರೆ. ಅದೇ ದಿನ ವಿಮಾನ ಹಿಡಿಯುವವರು ಬೆಳಗಿನದ್ದನ್ನು ಬಿಟ್ಟು ಮಧ್ಯಾಹ್ನ ಒಂದರ ನಂತರದ್ದನ್ನೇ ತೆಗೆದುಕೊಳ್ಳಿ. ಗಾಲಿಕುರ್ಚಿ ಬೇಕಾದವರು ಹಿಂದಿನ ದಿನವೇ ಹಡಗಿನ ಕಚೇರಿಯಲ್ಲಿ ಹೆಸರು ಬರೆಸಿಡಿ.